ಮಾವನ ಒಂಟಿ ಕಂಬಳಿ

ನಮ್ಮ ಸೋದರಮಾವನದು ಒಬ್ಬರೇ ಇರುವ ಗುಂಪು. ಆ ಗುಂಪಿನಲ್ಲೂ ಎರಡು ಬಣಗಳಿವೆ ಎಂದು ಅತ್ತೆ ಹೇಳುತ್ತಾಳೆ. ಅವರ ಜೊತೆ ಸಂಸಾರ ಮಾಡಿದವಳು, ಅಲ್ಲವೆನ್ನಲು ನಾನ್ಯಾರು?

ಮಾವ ಕುರಿ ಕಾಯುವವರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕುರಿಗಾರರೆಲ್ಲ ಕೂಡಿ ಕಟ್ಟಿದ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಅವರೂ ಒಬ್ಬರು. ಕುರಿಗಾರರ ಪರವಾಗಿ ಸರ್ಕಾರದ ಬಾಗಿಲು ತಟ್ಟುವುದು ಸಂಘದ ಕೆಲಸ. ಆದರೆ ಸಭೆಯ ಹೆಚ್ಚಿನ ಹೊತ್ತು ಒಬ್ಬರ ಬಾಗಿಲನ್ನು ಇನ್ನೊಬ್ಬರು ಹಾಕುವುದರಲ್ಲೇ ಕಳೆಯುತ್ತದೆ. ಇಂಡಿ, ಸಿಂದಗಿಯ ನಾಲ್ವರದು ಅಧ್ಯಕ್ಷರ ಬಣ. ಮುದ್ದೇಬಿಹಾಳ, ಬಾಗೇವಾಡಿಯ ನಾಲ್ವರದು ಕಾರ್ಯದರ್ಶಿಯ ಬಣ. ಒಂಬತ್ತನೆಯವರು ನಮ್ಮ ಮಾವ. ಊರು ನೋಡಿದರೆ ಕಾರ್ಯದರ್ಶಿಯ ಕಡೆಯವರು. ಮುಖ ನೋಡಿದರೆ ಯಾರ ಕಡೆಯವರೂ ಅಲ್ಲ.

ಸಭೆಗೆ ಅವರನ್ನು ನನ್ನ ಬೈಕಿನಲ್ಲಿ ಕರೆದೊಯ್ಯುತ್ತೇನೆ. ಹಿಂದೆ ಕೂತು ಕುರಿಗೆ ಹಾಕುವ ಸಿಳ್ಳೆಯನ್ನೇ ನನಗೂ ಹಾಕುತ್ತಾರೆ. ಒಂದು ಸಿಳ್ಳೆಗೆ ನಿಧಾನ, ಎರಡಕ್ಕೆ ನಿಲ್ಲು. ನಾನು ಎಂ.ಎ. ಓದಿದವನು. ಎರಡು ಸಿಳ್ಳೆಗೆ ನಿಲ್ಲುತ್ತೇನೆ.

ಸಭೆಯಲ್ಲಿ ಕುರ್ಚಿಗಳಿಲ್ಲ, ಕಂಬಳಿ ಹಾಸಿ ಕೂಡುವುದು ಪದ್ಧತಿ. ಯಾರ ಕಂಬಳಿಯ ಮೇಲೆ ಕೂತರೋ ಅವರ ಬಣ. ಮಾವ ಮಾತ್ರ ತಮ್ಮದೇ ಕಂಬಳಿಯನ್ನು ನಟ್ಟನಡುವೆ ಹಾಸಿಕೊಳ್ಳುತ್ತಾರೆ. ಕುರಿಗಾರರಿಗೆ ಕಂಬಳಿಯೆಂದರೆ ದೇವರ ಗದ್ದುಗೆ. ಅದರ ಮೇಲೆ ಕೂತು ಸುಳ್ಳಾಡಬಾರದು. ಹೀಗಾಗಿ ಭಾಷಣ ಮಾಡುವವರೆಲ್ಲ ಕಂಬಳಿಯಿಂದ ಇಳಿದು ಬರಿ ನೆಲದ ಮೇಲೆ ನಿಲ್ಲುತ್ತಾರೆ. ಯಾಕೆಂದು ಯಾರೂ ಯಾರನ್ನೂ ಕೇಳುವುದಿಲ್ಲ.

ಒಮ್ಮೆ ಕಾರ್ಯದರ್ಶಿ ಮಾವನ ಬಳಿ ಬಂದು ನಿಂತರು.

"ಕಾಕಾ, ಈ ಸಲ ನಿಮ್ಮನ್ನ ಉಪಾಧ್ಯಕ್ಷ ಮಾಡತೇವಿ."

ಮಾವ ಸರಿದು ಜಾಗ ಮಾಡಿದರು. "ಬಾ, ಕಂಬಳಿ ಮ್ಯಾಲ ಕುಂತು ಹೇಳು."

"ಇರ್ಲಿ ಬಿಡ್ರಿ, ಮೊಣಕಾಲು ಮಡಚಂಗಿಲ್ಲ."

"ಈಗ ಅಲ್ಲೇ ಕುಂತಿದ್ದೆಲ್ಲೋ?"

"ಅವಾಗ ಮಡಚತಿತ್ತರಿ."

ಇಷ್ಟಾದರೂ ಸಂಘಕ್ಕೆ ನಿಜವಾದ ಕೆಲಸವೊಂದಿತ್ತು. ನಮ್ಮ ಕಡೆ ಕಾಲುವೆಗಳು ಬಂದು ಹೊಲಗಳು ಹಸಿರಾದವು, ಕುರಿಗಳ ಹಳೆಯ ಹಾದಿಗಳು ತುಂಡಾದವು. ಕುರಿ ದಾಟಲು ಕಿರುಸೇತುವೆಗಳು ಬೇಕಿದ್ದವು. ಅಧಿಕಾರಿಗಳು, "ಸದ್ಯಕ್ಕೆ ಒಂದೇ ಆಗುತ್ತದೆ, ಎಲ್ಲಿ ಬೇಕೆಂದು ನೀವೇ ಹೇಳಿ" ಎಂದುಬಿಟ್ಟರು. ಎರಡು ಬಣಗಳಿಗೆ ಒಂದು ಸೇತುವೆ!

ಅಧ್ಯಕ್ಷರು ತಮ್ಮ ಕಡೆಯ ಜಾಗವೊಂದನ್ನು ಸೂಚಿಸಿದರು. ಕಾರ್ಯದರ್ಶಿ ಸೂಚಿಸಿದ ಜಾಗ ಮಾವನ ಹಾದಿಯಲ್ಲೇ ಇತ್ತು. ಅದೇ ಜಾಗದಲ್ಲಿ ಹಿಂದಿನ ವರ್ಷ ಮಂದೆಯ ಮುಂದಿನ ಕುರಿ ಜಾರಿ ನೀರಿಗೆ ಬಿತ್ತು. ಹಿಂದಿನವು ಅದನ್ನು ಹಿಂಬಾಲಿಸಿದವು. ಮಾವ ಧುಮುಕಿದರು. ನಾನು ದಂಡೆಯ ಮೇಲಿದ್ದೆ. ಅವರ ತಲೆ ಕಾಣದಾಯಿತು. ಬಹಳ ಹೊತ್ತಿನ ಮೇಲೆ ಇನ್ನೊಂದು ಕಡೆ ಕಂಡಿತು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ.

ತೀರ್ಮಾನದ ದಿನ ಕಾರ್ಯದರ್ಶಿ ನಿಶ್ಚಿಂತೆಯಿಂದ ಎಲೆ ಅಡಿಕೆ ಹಾಕಿಕೊಂಡಿದ್ದರು. ಮೊದಲು ಅಧ್ಯಕ್ಷರು ಸೂಚಿಸಿದ ಜಾಗಕ್ಕೆ ಕೈ ಎತ್ತಲು ಹೇಳಿದರು. ನಾಲ್ಕು ಕೈ ಎದ್ದವು. ಆಮೇಲೆ ನಿಧಾನವಾಗಿ ಮಾವನ ಕೈ ಎದ್ದಿತು.

ಕಾರ್ಯದರ್ಶಿ ಅಗಿಯುವುದನ್ನು ನಿಲ್ಲಿಸಿದರು. "ಕಾಕಾ, ಅದು ಅವ್ರ ಜಾಗಾರಿ. ನಿಮ್ಮ ಕುರಿ ಎಲ್ಲಿ ದಾಟಬೇಕು?"

"ಗೊತ್ತೈತಿ."

ಅಧ್ಯಕ್ಷರು ಮೀಸೆ ತಿರುವಿದರು. "ನಾ ಹೇಳಿದ್ದಿಲ್ಲೇನು, ಯಜಮಾನ್ರು ನಮ್ಮವರು ಅಂತ?"

"ನಿಮ್ಮವನೂ ಅಲ್ಲ ತಮ್ಮಾ," ಎಂದರು ಮಾವ. "ನಿಮ್ಮ ಕಡಿ ಗಂಡಸರು ಕಬ್ಬು ಕಡಿಯಾಕ ಹೋಗತೀರಿ. ಕುರಿ ಹಿಂದ ಹೆಣ್ಣಮಕ್ಕಳು ಇರತಾರ. ಕುರಿ ಬಿದ್ದರ ಅವ್ರೂ ಹಾರತಾರ. ನನಗ ಈಜಾಕ ಬರತೈತಿ. ಅವ್ರಿಗೆ ಸೀರಿ ಕಾಲಿಗೆ ಸುತ್ತಕೊಂತೈತಿ."

ಅಧ್ಯಕ್ಷರ ಕೈ ಮೀಸೆಯಿಂದ ಕೆಳಗಿಳಿಯಿತು. ಆ ದಿನ ಮತ್ತೆ ಯಾರೂ ಭಾಷಣಕ್ಕೆ ಏಳಲಿಲ್ಲ.

ಮನೆಯಲ್ಲಿ ಅತ್ತೆ, "ಸೇತುವಿ ಯಾರ ಕಡಿ ಹೋತು?" ಎಂದು ಕೇಳಿದಳು. ಹೇಳಿದೆ. ಅವಳು ಮಾವನಿಗೆ ರೊಟ್ಟಿ ಬಡಿಸಿದಳು.

ಮರುದಿನ ಮಂದೆಯ ಹಿಂದೆ ಅವಳೂ ಹೊರಟಳು, ಹೆಗಲ ಮೇಲೆ ಬಾವಿಯ ಹಗ್ಗ. ಕಾಲುವೆಯ ಹತ್ತಿರ ಅದರ ಒಂದು ತುದಿಯನ್ನು ಮಾವನ ಸೊಂಟಕ್ಕೆ ಕಟ್ಟಿದಳು. ಇನ್ನೊಂದನ್ನು ತನ್ನ ಮುಂಗೈಗೆ ಸುತ್ತಿಕೊಂಡು, ಕಾಲು ಊರಿ ದಂಡೆಯ ಮೇಲೆ ಕೂತಳು.

"ಬಿಗಿ ಆತೇನು?" ಎಂದಳು.

ಮಾವ ನೀರಿನ ಕಡೆ ನೋಡಿದರು, ಆಮೇಲೆ ಅವಳ ಕಡೆ.

"ಇನ್ನೊಂದು ಗಂಟು ಹಾಕು," ಎಂದರು.