ಮಂಜೂರಾದ ಪೈಥಾನ್ ಒಂದೇ

ಕೆರೆ ಮುನ್ಸೂಚನಾ ಕೋಶದ ತುಮಕೂರು ಕಚೇರಿಯಲ್ಲಿ ಮಂಜೂರಾದ ಕಂಪ್ಯೂಟರ್ ಒಂದು, ಅದರೊಳಗೆ ಮಂಜೂರಾದ ಪೈಥಾನ್ ಒಂದು. 2009ರ ಮಳೆಗಾಲದವರೆಗೆ ಈ ಬಗ್ಗೆ ಯಾರಿಂದಲೂ ಆಕ್ಷೇಪಣೆ ಬಂದಿರಲಿಲ್ಲ.

ಪೈಥಾನ್ ಎಂಬ ಆ ಪ್ರೋಗ್ರಾಮಿಂಗ್ ಭಾಷೆ 2.4ನೆಯ ಆವೃತ್ತಿಯದು. ಸಿಬ್ಬಂದಿಯ ಹಾಜರಾತಿ ಅದರಿಂದಲೇ ನಡೆಯುತ್ತಿತ್ತು. ಕೆರೆಯ ನೀರು ಎಷ್ಟು ಏರುತ್ತದೆಂದು ಮೊದಲೇ ಹೇಳುವ ತಂತ್ರಾಂಶವನ್ನು ಎಂಜಿನಿಯರ್ ಶಶಿರೇಖಾ ತಂದಾಗ ತೊಡಕು ಶುರುವಾಯಿತು. ಅದರ ಲೆಕ್ಕವೆಲ್ಲ ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿತ್ತು. ಅದನ್ನು ಪೈಥಾನ್‌ಗೆ ಜೋಡಿಸುವ ಕೊಂಡಿ 2.6 ಇಲ್ಲದೆ ಕೂರುತ್ತಿರಲಿಲ್ಲ; ಹಾಜರಾತಿಯೋ 2.4 ಬಿಟ್ಟು ಬೇರೆಯದರಲ್ಲಿ ನಡೆಯುತ್ತಿರಲಿಲ್ಲ.

“ಎರಡನ್ನೂ ಬೇರೆ ಬೇರೆ ಫೋಲ್ಡರಲ್ಲಿ ಇಡೋಣ ಸಾರ್. ಕೊಂಡಿ ಕಟ್ಟೋವಾಗ ಯಾವುದು ಬೇಕು ಅಂತ ಒಂದು ಸಾಲಲ್ಲಿ ಹೇಳಿದ್ರೆ ಆಯ್ತು,” ಎಂದಳು.

ಅಧೀಕ್ಷಕ ಶಿವರಾಮಯ್ಯ ಕನ್ನಡಕ ತೆಗೆದರು. “ಒಂದು ಹುದ್ದೇಲಿ ಇಬ್ರನ್ನ ಕೂರ್ಸಕ್ಕೆ ಆಗುತ್ತೇನಮ್ಮ? ಮೇಲಾಗಿ 2.4 ಸೀನಿಯರ್ರು.”

ಸಮಿತಿ ರಚನೆಯಾಯಿತು. ನಾಲ್ಕು ಸಭೆಗಳ ನಂತರ ಆದೇಶ ಹೊರಬಿತ್ತು: ‘ಉಭಯ ಆವೃತ್ತಿಗಳ ಘನತೆಗೆ ಕುಂದು ಬಾರದಂತೆ, ಸರಾಸರಿ ತೆಗೆದು 2.5ನ್ನು ಅಳವಡಿಸತಕ್ಕದ್ದು.’ ಅಳವಡಿಸಿದರು. ಹಾಜರಾತಿಯೂ ನಡೆಯಲಿಲ್ಲ, ಕೊಂಡಿಯೂ ಕೂರಲಿಲ್ಲ. ಘರ್ಷಣೆ ಸಂಪೂರ್ಣ ನಿವಾರಣೆಯಾಗಿದೆ ಎಂದು ಮೇಲಿನ ಕಚೇರಿಗೆ ವರದಿ ಹೋಯಿತು. ಹಾಜರಾತಿಯ ಪ್ರಕಾರ ಅಂದು ಯಾರೂ ಬಂದೇ ಇರಲಿಲ್ಲವಾದ್ದರಿಂದ ಎಲ್ಲರೂ ಹನ್ನೊಂದಕ್ಕೆ ಮನೆಗೆ ಹೋದರು. ಶಶಿರೇಖಾ ಉಳಿದಳು.

ಹನ್ನೆರಡಕ್ಕೆ ಕಡಬದಾಚೆಯ ಹೊಸಕೆರೆಯಿಂದ ಫೋನು. ಕೆರೆಯ ತೂಬು ಎತ್ತಿ ನೀರು ಬಿಡುವ ನೀರಗಂಟಿ ಚಿಕ್ಕಬೋರಯ್ಯ.

“ಮೂರ್ ದಿನದಿಂದ ಮಳೆ ಕಣಮ್ಮ. ಕೆರೆ ಏರಿ ಜಿನುಗ್ತಾ ಐತೆ, ಕೆಳಗೆ ನಲವತ್ತು ಮನೆ ಅವೆ. ತೂಬು ಎತ್ಬುಡ್ಲಾ?”

ಕಂಪ್ಯೂಟರಿನ ಅಂಕಿಯಿಲ್ಲದೆ ತೂಬು ಎತ್ತುವಂತಿಲ್ಲ ಎಂಬ ನಿಯಮ ಆಗಲೇ ಜಾರಿಯಲ್ಲಿತ್ತು. ಶಶಿರೇಖಾ ಎದ್ದು ಬಾಗಿಲು ಹಾಕಿಕೊಂಡಳು. 2.6ನ್ನು ಬೇರೆ ಫೋಲ್ಡರಿನಲ್ಲಿಟ್ಟು, ಕೊಂಡಿಯನ್ನು ಹೊಸದಾಗಿ ಕಟ್ಟಿದಳು. ಎರಡು ಸಲ ಬೆರಳು ತಪ್ಪಿತು. ಇಪ್ಪತ್ತು ನಿಮಿಷಕ್ಕೆ ಅಂಕಿ ಬಂತು: ಸಂಜೆಯೊಳಗೆ ನೀರು ಏರಿಯ ಮೇಲೆ ಹರಿಯುತ್ತದೆ.

“ಎತ್ತಿ ಬೋರಯ್ಯಣ್ಣ. ಯಾರಾದ್ರೂ ಕೇಳಿದ್ರೆ ನನ್ನ ಹೆಸರು ಹೇಳಿ.”

ನಲವತ್ತೂ ಮನೆ ಉಳಿದವು. ನಡೆದದ್ದನ್ನು ಶಶಿರೇಖಾಳೇ ಬರೆದು ಕೊಟ್ಟಳು. ಉತ್ತರವಾಗಿ ಮೆಮೊ ಬಂತು: ‘ಮಂಜೂರಾಗದ ಆವೃತ್ತಿಯ ಅಂಕಿಯ ಮೇರೆಗೆ ಹೊರಬಿಟ್ಟ ನೀರು ಅನಧಿಕೃತವಾಗಿದ್ದು, ಏಳು ದಿನಗಳೊಳಗೆ ಕೆರೆಗೆ ಮರಳಿಸತಕ್ಕದ್ದು.’

ಏಳನೆಯ ದಿನ ಶಿವರಾಮಯ್ಯನವರು ಅವಳನ್ನು ಜೀಪಿನಲ್ಲಿ ಕೂರಿಸಿಕೊಂಡು ಕೆರೆಗೆ ಹೋದರು. ಚಿಕ್ಕಬೋರಯ್ಯ ಮೆಮೊ ಓದಿಸಿಕೊಂಡ.

“ಆಯ್ತು ಬುಡಿ, ಅದಕ್ಯಾಕೆ ಬೇಜಾರು,” ಎಂದು ಮನೆಯಿಂದ ಬಿಂದಿಗೆ ತಂದು, ಕಾಲುವೆಯಲ್ಲಿ ತುಂಬಿಕೊಂಡು, ಏರಿ ಹತ್ತಿ ಕೆರೆಗೆ ಸುರಿದ.

ಮಹಜರು ಬರೆಸಲಾಯಿತು. ನೀರು ಪೂರ್ತಿ ವಾಪಸಾಗಿದೆಯೆಂದು ಕೆಳಗಿನ ಮನೆಯವರೆಲ್ಲ ಸಾಲಾಗಿ ಬಂದು ಹೆಬ್ಬೆಟ್ಟು ಒತ್ತಿದರು.

“ಬಿಂದಿಗೆ ತುಂಬಿತ್ತೇನಮ್ಮ?” ಶಿವರಾಮಯ್ಯ ಕೇಳಿದರು.

“ತುಂಬಿತ್ತು ಸಾರ್,” ಎಂದು ಶಶಿರೇಖಾ ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿದಳು.