ನಲ್ಲಿಯ ಮೂಲೆಯೂ ಮಕ್ಕಳ ಉಯ್ಯಾಲೆಯೂ

ಸಾರ್ವಜನಿಕ ಹಿತದ ಬಗ್ಗೆ ಯಾರಾದರೂ ಕಣ್ಣಲ್ಲಿ ನೀರು ತುಂಬಿಕೊಂಡು ಮಾತಾಡಿದರೆ, ಇವರ ಮನೆಯಲ್ಲಿ ಇವತ್ತು ಏನಡುಗೆ ಇರಬಹುದು ಎಂಬ ಯೋಚನೆ ನನಗೆ ಮೊದಲು ಬರುತ್ತದೆ. ಅನುಭವದಿಂದ ಹೇಳುತ್ತಿದ್ದೇನೆ. ಹೋದ ಮಳೆಗಾಲದಲ್ಲಿ ಹಾಗೆ ಮಾತಾಡಿದವಳು ನಾನೇ.

ನಾವು ಕುಂದಾಪುರದ ಕಡೆಯವರು. ನಮ್ಮ ಯಜಮಾನರು ಅಹಮದಾಬಾದಿನಲ್ಲಿ ಉಡುಪಿ ಹೋಟೆಲ್ ನಡೆಸುತ್ತಾರೆ. ಮನೆ ಬೋಡಕ್‌ದೇವ್‌ನಲ್ಲಿ, ಎದುರಿಗೇ ಪಾರ್ಕು. ಊರಿಗೆಲ್ಲ ಇಡ್ಲಿ ತಿನ್ನಿಸುವ ಈ ಮನುಷ್ಯನಿಗೆ ಮಳೆ ಶುರುವಾದರೆ ಮನೆಯಲ್ಲಿ ಪತ್ರೊಡೆಯೇ ಆಗಬೇಕು. ಮಾರ್ಕೆಟ್ಟಿನ ಕೆಸುವಿನೆಲೆಗೆ ಎಷ್ಟು ಹುಣಸೆಹುಳಿ ಸುರಿದರೂ ಗಂಟಲು ಕೆರೆಯುವುದು ಬಿಡಲಿಲ್ಲ. ಅದಕ್ಕೇ ಊರಿಂದ ಒಂದು ಗಡ್ಡೆ ತಂದು, ಪಾರ್ಕಿನ ಮೂಲೆಯಲ್ಲಿ ಸದಾ ಸೋರುವ ನಲ್ಲಿಯ ಪಕ್ಕ, ಚಪ್ಪಲಿ ಸರಿಮಾಡಿಕೊಳ್ಳುವವಳ ಹಾಗೆ ಬಗ್ಗಿ ಊರಿಬಿಟ್ಟೆ. ಅದು ಹಬ್ಬಿ ದೊಡ್ಡ ಹಿಂಡಾಯಿತು. ಆದರೆ ಒಳ್ಳೊಳ್ಳೆಯ ಎಲೆಗಳೇ ಆಗಾಗ ಮಾಯವಾಗುತ್ತಿದ್ದವು. ನನ್ನ ಗುಮಾನಿ ಪಾರ್ಕಿನ ಮಾಲಿಯ ಮೇಲೆ. ಕೇಳುವುದು ಹೇಗೆ? ಪಾರ್ಕೇನು ನಿಮ್ಮಪ್ಪನದಾ ಎಂದು ಅವನು ತಿರುಗಿ ಕೇಳಿದರೆ?

ಅಷ್ಟರಲ್ಲಿ ಪಾರ್ಕಿನಲ್ಲಿ ಮಕ್ಕಳ ಆಟದ ಜಾಗ ಮಾಡುವ ಸುದ್ದಿ ಬಂತು. ನಗರಪಾಲಿಕೆಯ ಅಧಿಕಾರಿಯೊಬ್ಬರು ಅಕ್ಕಪಕ್ಕದವರನ್ನೆಲ್ಲ ಸೇರಿಸಿ, ನೇರ ನನ್ನ ನಲ್ಲಿಯ ಮೂಲೆಯನ್ನೇ ತೋರಿಸಿ, "ಇಲ್ಲೇನಿದೆ, ಬರೀ ಕಳೆ" ಅಂದರು. ಕಳೆಯಂತೆ ಕಳೆ! ಬಾಯಿಗೆ ಎಲ್ಲಿಂದ ಹಿಂದಿ ಬಂತೋ, ಮಕ್ಕಳು ಕೆಸರಲ್ಲಿ ಜಾರುತ್ತಾರೆ, ಸೊಳ್ಳೆ ಕಚ್ಚುತ್ತದೆ, ಆ ಕಡೆ ಬೇವಿನ ಮರದಡಿ ಮಾಡಿದರೆ ಬೇಸಿಗೆಯಲ್ಲೂ ಜಾರುಬಂಡಿ ಸುಡುವುದಿಲ್ಲ ಎಂದೆಲ್ಲ ಒದರಿದೆ. ಕಣ್ಣಲ್ಲಿ ನೀರೇ ಬಂತು. ಮಕ್ಕಳಿಗಾಗಿ ಅಂತ ಎಲ್ಲರೂ ತಿಳಿದರು. ಆಗ ಎದ್ದು ನಿಂತರು ನಮ್ಮ ಕೆಳಮನೆಯ ಭಾನುಬೆನ್. ನನ್ನ ಗ್ರೈಂಡರಿನ ಸದ್ದಿಗೆ ಮುನಿದು ವರ್ಷದಿಂದ ಮುಖ ತಿರುಗಿಸಿಕೊಂಡಿದ್ದ ಹೆಂಗಸು. ಮುಗಿಯಿತು ನನ್ನ ಕತೆ ಅಂದುಕೊಂಡೆ. ಅವರು ನನ್ನನ್ನು ತೋರಿಸಿ, "ಈ ಬೆನ್ ಹೇಳುವುದು ಸರಿ. ಆ ಮೂಲೆಯಲ್ಲಿ ಮಗು ಬಿದ್ದರೆ ಯಾರು ಹೊಣೆ?" ಎಂದು ಗುಡುಗಿದರು. ಅಧಿಕಾರಿ ಬೇವಿನ ಮರದತ್ತ ನಡೆದರು. ಅಬ್ಬ, ಬದುಕಿದೆ! ಆ ರಾತ್ರಿ ನಾನು ಕಣ್ಣು ತುಂಬ ನಿದ್ದೆ ಮಾಡಿದೆ.

ಬೆಳಿಗ್ಗೆ ಎಲೆ ಕೊಯ್ಯಲು ಹೋದರೆ ಹಿಂಡಿನ ನಡುವೆ ಭಾನುಬೆನ್ ಕೂತಿದ್ದಾರೆ, ಕೈಯಲ್ಲಿ ಕತ್ತರಿ. ನನ್ನನ್ನು ಕಂಡದ್ದೇ ಕತ್ತರಿಯನ್ನು ಸೆರಗಿನ ಮರೆಗೆ ಸರಿಸಿದರು. "ಪಾತ್ರಾ ಮಾಡೋಣ ಅಂತ," ಎಂದರು. ನಮ್ಮ ಪತ್ರೊಡೆಗೆ ಅಕ್ಕಿಹಿಟ್ಟಿನ ಬದಲು ಕಡಲೆಹಿಟ್ಟು ಬಳಿದರೆ ಅವರ ಪಾತ್ರಾ. ಗಡ್ಡೆ ನೆಟ್ಟವಳು ನಾನು ಅಂದೆ. ಅವರು ತಲೆ ಚಚ್ಚಿಕೊಂಡು ನಕ್ಕರು. "ಮಾಲಿ ನೆಟ್ಟದ್ದು ಅಂದುಕೊಂಡು ನಾನು ಹೋದ ದೀಪಾವಳಿಗೆ ಅವನಿಗೆ ಮಿಠಾಯಿ ಕೊಟ್ಟಿದ್ದೆನಲ್ಲ!" ನನಗೂ ನಗು ತಡೆಯಲಾಗಲಿಲ್ಲ. ಪಾಪ, ಆ ಮಾಲಿಗೆ ಸಿಕ್ಕಿದ ಮಿಠಾಯಿಯೂ ಅವನ ಮೇಲಿನ ನನ್ನ ಗುಮಾನಿಯೂ ಅವನಿಗೆ ಸಲ್ಲಬೇಕಾದದ್ದಲ್ಲ. ಅಲ್ಲೇ ಕಲ್ಲಿನ ಮೇಲೆ ಕೂತು ಇಬ್ಬರೂ ಅಡುಗೆಯ ಗುಟ್ಟು ಬಿಚ್ಚಿಕೊಂಡೆವು. ಗ್ರೈಂಡರಿನ ಮುನಿಸು ಅಲ್ಲಿಗೆ ಮುಗಿಯಿತು.

ಈಗ ಬೇವಿನ ಮರದಡಿ ಉಯ್ಯಾಲೆ, ಜಾರುಬಂಡಿ ಎಲ್ಲ ಬಂದಿವೆ. ಹೊಸದರಲ್ಲಿ ಮಕ್ಕಳು ಆಡಿದರು. ಆಮೇಲೆ ಕಣ್ಣಾಮುಚ್ಚಾಲೆಗೆ ದೊಡ್ಡೆಲೆಗಳ ಮರೆಯೇ ಸರಿಯೆಂದು ಎಲ್ಲ ನಲ್ಲಿಯ ಮೂಲೆಗೇ ಬಂದವು. ಅವುಗಳ ನಾಯಕಿ ನನ್ನ ಮಗಳು ಅನ್ವಿ. "ಬಾರೇ ಈಚೆ, ಎಲೆ ಹರಿಯುತ್ತೆ," ಅಂದರೆ ಗುಜರಾತಿಯಲ್ಲಿ ಉತ್ತರ ಕೊಟ್ಟು ಇನ್ನೂ ಒಳಗೆ ನುಗ್ಗುತ್ತಾಳೆ. ಮೊನ್ನೆ ಕೋಲು ಹಿಡಿದು ಹೊರಟ ನನ್ನನ್ನು ಭಾನುಬೆನ್ ತಡೆದರು.

"ಬಿಡಿ ಬೆನ್, ಮಕ್ಕಳು ಆಡಲಿ. ಪಾತ್ರಾಕ್ಕೆ ಮಾತ್ರ ಇಡೀ ಎಲೆ ಬೇಕು. ನೀವು ಪತ್ರೊಡೆಯನ್ನು ಎಲೆ ಹೆಚ್ಚಿಯೂ ಮಾಡುತ್ತೀರಿ ಅಂದಿದ್ದಿರಲ್ಲ?"

ಅಂದಿದ್ದೆ. ಹಾಗಾಗಿ ಈಗ ಇಡೀ ಎಲೆ ಅವರ ಮನೆಗೆ, ಹರಿದದ್ದು ನನ್ನ ಮನೆಗೆ. ಹರಿಯುವವಳೂ ನನ್ನ ಮಗಳೇ.