ಬಲತೋಳಿನ ವಾರ

ಹೆಂಡತಿ: ರೀ, ನಾನು ಕೇಳಿದ್ದು ಒಂದೇ ಮಾತು. ಈ ಕೋಟಿಗೆ ಎಡತೋಳು ಎಲ್ಲಿ?

ಟೈಲರ್: ನಾನು ಹೇಳಿದ್ದೂ ಒಂದೇ ಮಾತು. ಅದು ಮುಂದಿನ ವಾರ.

ಹೆಂಡತಿ: ನನ್ನ ತಮ್ಮನ ಇಂಟರ್‌ವ್ಯೂ ಇವತ್ತು ರೀ! ಹನ್ನೊಂದು ಗಂಟೆಗೆ!

ಟೈಲರ್: ಅದಕ್ಕೇ ಬಲತೋಳನ್ನ ಅಷ್ಟು ಚೆನ್ನಾಗಿ ಮುಗಿಸಿರೋದು. ಕೈ ಕುಲುಕೋಕೆ ಬೇಕಾಗೋದು ಅದೇ ತಾನೆ?

ಗಂಡ ಹೆಂಡತಿ ಇದ್ದ ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗದ ತುಂಬ ಬಲತೋಳುಗಳು ಸಾಲಾಗಿ ತೂಗುತ್ತಿದ್ದವು. ಊರಿನ ಗಿರಾಕಿಗಳೆಲ್ಲ ಒಟ್ಟಿಗೆ ಬಂದು, ಕೈಯೆತ್ತಿ ಏನೋ ಪ್ರಮಾಣ ಮಾಡಿ, ಆ ಕೈಗಳನ್ನು ಅಲ್ಲೇ ಮರೆತು ಹೋದ ಹಾಗಿತ್ತು. ಬೆಳಗಾದರೆ ಟೈಲರನ ಫೋನಿನ ವೀಡಿಯೋದಲ್ಲಿ ಒಬ್ಬ ಗುರುಗಳು ಮಾತಾಡುತ್ತಿದ್ದರು. ಒಂದು ಸಲಕ್ಕೆ ಒಂದೇ ಕೆಲಸ, ಸಣ್ಣ ಅಭ್ಯಾಸದಿಂದಲೇ ದೊಡ್ಡ ಬದುಕು, ಎನ್ನುವುದು ಅವರ ಉಪದೇಶ. ಅದನ್ನು ಕೇಳಿ ಕೇಳಿ ಟೈಲರ್ ಹೊಲಿಗೆಯನ್ನೇ ವಾರಗಳಾಗಿ ಕತ್ತರಿಸಿದ್ದ. ಕಾಲರಿನ ವಾರ ಮುಗಿದು ಈಗ ಬಲತೋಳಿನ ವಾರ ನಡೆಯುತ್ತಿತ್ತು.

ಹೆಂಡತಿಯ ತಮ್ಮ ಕನ್ನಡಿಯ ಮುಂದೆ ನಿಂತಿದ್ದ. ಕೋಟು ತೊಟ್ಟ ಅವನು ಬಲಗಡೆಯಿಂದ ನೋಡಿದರೆ ಅಧಿಕಾರಿ, ಎಡಗಡೆಯಿಂದ ನೋಡಿದರೆ ಬಟ್ಟೆ ಒಗೆಯಲು ಹೊರಟವನು.

ತಮ್ಮ: ಬಿಡು ಅಕ್ಕ. ಎಡಗೈಯನ್ನ ಜೇಬಲ್ಲಿ ಇಟ್ಕೊಂಡು ನಿಂತ್ರೆ ಯಾರಿಗೂ ಗೊತ್ತಾಗಲ್ಲ.

ಹೆಂಡತಿ: ಕೈ ಜೇಬಲ್ಲಿಟ್ರೆ ತೋಳು ಬೆಳೆಯುತ್ತೇನೋ? ನೆಟ್ಟಗೆ ನಿಂತ್ಕೋ.

ಟೈಲರ್: ಅವನನ್ನ ಯಾಕೆ ಬೈತೀಯ? ತಪ್ಪು ನನ್ನದು. ಪೂರ್ತಿ ಜವಾಬ್ದಾರಿ ನನ್ನದು.

ಅವನು ಎದೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದುಕೊಂಡ. ಅವಳಿಗೆ ಈ ಉಸಿರಿನ ಪರಿಚಯ ಚೆನ್ನಾಗಿತ್ತು. ಹಾಲು ಉಕ್ಕಿದರೂ ಜವಾಬ್ದಾರಿ ಅವನದೇ, ಬಕೆಟ್ ಮಗುಚಿದರೂ ಅವನದೇ. ಒರೆಸುವ ಬಟ್ಟೆ ಮಾತ್ರ ಯಾವಾಗಲೂ ಅವಳ ಕೈಯಲ್ಲಿರುತ್ತಿತ್ತು.

ಹೆಂಡತಿ: ಜವಾಬ್ದಾರಿ ಹೊತ್ತಿದ್ದಾಯ್ತಲ್ಲ, ಇನ್ನು ಅದನ್ನ ಕೆಳಗಿಟ್ಟು ಸೂಜಿ ತಗೊಳ್ಳಿ.

ಟೈಲರ್: ಅದೊಂದು ಕೇಳ್ಬೇಡ. ಅಭ್ಯಾಸ ಒಂದು ಸಲ ಮುರಿದ್ರೆ ಮತ್ತೆ ಮೊದಲಿಂದ ಶುರು ಮಾಡ್ಬೇಕು. ಗುರುಗಳು ಹೇಳಿದ್ದಾರೆ.

ಹೆಂಡತಿ: ಆ ಗುರುಗಳ ಕೋಟಿಗೆ ಎಷ್ಟು ತೋಳಿದೆ ಅಂತ ಯಾವತ್ತಾದ್ರೂ ನೋಡಿದ್ದೀರಾ?

ಟೈಲರ್: ಫೋನಲ್ಲಿ ಅವರ ಮುಖ ಮಾತ್ರ ಕಾಣೋದು.

ಹೆಂಡತಿ: ಅದೇ ಮತ್ತೆ! ಮಿಕ್ಕಿದ್ದು ಇನ್ನೂ ಹೊಲಿದಾಗಿರಲ್ಲ.

ತಮ್ಮ: ಭಾವ, ನನ್ನದೊಂದು ಉಪಾಯ. ಹಗ್ಗದ ಮೇಲೆ ಇಷ್ಟೊಂದು ಬಲತೋಳು ನೇತಾಡ್ತಾ ಇದ್ಯಲ್ಲ, ಅದರಲ್ಲೇ ಒಂದನ್ನ ಎಡಗಡೆ ಹಾಕ್ಬಿಡಿ.

ಗಂಡ ಹೆಂಡತಿ ಇಬ್ಬರೂ ಒಂದೇ ದನಿಯಲ್ಲಿ 'ಬಲತೋಳನ್ನ ಎಡಗಡೆಗಾ!' ಎಂದರು. ಅವತ್ತು ಬೆಳಗಿನಿಂದ ಅವರಿಬ್ಬರೂ ಒಪ್ಪಿದ ಮಾತು ಅದೊಂದೇ.

ಟೈಲರ್: ತೋಳು ಹಿಂದುಮುಂದಾಗುತ್ತೆ ಕಣಯ್ಯ. ಅಂಗೈ ಹಿಂದಕ್ಕೆ ತಿರುಗಿಕೊಳ್ಳುತ್ತೆ. ನೋಡಿದವರಿಗೆ ಬೆನ್ನ ಹಿಂದೆ ಲಂಚ ಕೇಳ್ತಿರೋ ಹಾಗೆ ಕಾಣುತ್ತೆ.

ಹೆಂಡತಿ: ಆ ಗತ್ತು ಕೆಲಸ ಸಿಕ್ಕಿದ ಮೇಲಿರಲಿ. ಅದು ಸರಿ, ಅವರು ಏನಾದ್ರೂ ಕೇಳಿದ್ರೆ ಹೇಳೋಕೆ ಓದ್ಕೊಂಡಿದ್ದೀಯೇನೋ?

ತಮ್ಮ: ಅಭ್ಯಾಸ ಮಾಡಿದ್ದೀನಿ ಅಕ್ಕ. ದಿನಾ ಬೆಳಗ್ಗೆ ಕನ್ನಡಿ ನೋಡ್ಕೊಂಡು 'ನನಗೆ ಕೆಲಸ ಸಿಕ್ಕಿದೆ, ನನಗೆ ಕೆಲಸ ಸಿಕ್ಕಿದೆ' ಅಂತ ಹೇಳ್ಕೋತೀನಿ. ಭಾವಾನೇ ಹೇಳಿಕೊಟ್ಟಿದ್ದು.

ಹೆಂಡತಿ: ಕನ್ನಡಿಗಾದ್ರೂ ಸಿಕ್ಕಿರುತ್ತೆ ಬಿಡು. ಅದು ಬೆಳಗ್ಗೆ ಬೇಗ ಎದ್ದಿರುತ್ತೆ.

ಮಾತು ಹಾಗಂದರೂ ಅವಳ ಕಣ್ಣು ತಮ್ಮನ ಎಡಭುಜದ ಮೇಲಿತ್ತು. ಅಲ್ಲಿ ಕೋಟಿನ ಬಾಯಿ ತೆರೆದು, ತೆಳುವಾದ ಅಂಗಿಯ ತೋಳು ಹೊರಗೆ ಬಂದಿತ್ತು. ವರ್ಷಗಳಿಂದ ಅವನು ಇಂಟರ್‌ವ್ಯೂಗೆಂದು ಹೊರಟು ಬರಿಗೈಯಲ್ಲಿ ಹಿಂದಿರುಗುತ್ತಿದ್ದ. ಮೊದಮೊದಲು ಸಿಟ್ಟು ಮಾಡಿಕೊಂಡು ಬರುತ್ತಿದ್ದ. ಈಚೆಗೆ ನಗುತ್ತಾ ಬರುತ್ತಿದ್ದ. ಅವಳಿಗೆ ಹೆದರಿಕೆ ಹುಟ್ಟಿಸಿದ್ದು ಆ ನಗುವೇ. ಈ ಸಲವೂ ತಪ್ಪಿದರೆ ಇವನು ಹೊರಡುವುದನ್ನೇ ಬಿಟ್ಟುಬಿಡುತ್ತಾನೆ ಎಂದು ಅವಳಿಗನ್ನಿಸಿತ್ತು.

ಟೈಲರ್: ಇಷ್ಟಕ್ಕೂ ನಿನ್ನ ಬಸ್ಸು ಎಷ್ಟೊತ್ತಿಗೆ?

ತಮ್ಮ: ಬಸ್ಸು ಯಾಕೆ ಭಾವ? ರಸ್ತೆ ದಾಟಿದ್ರೆ ಆಯ್ತು.

ಅವಳು ತುಟಿ ಕಚ್ಚಿಕೊಂಡಳು. ಟೈಲರ್ ನಿಧಾನವಾಗಿ ಬಾಗಿಲ ಕಡೆ ತಿರುಗಿದ. ರಸ್ತೆಯಾಚೆ ಇದ್ದದ್ದು ಒಂದೇ ಅಂಗಡಿ, ರೆಡಿಮೇಡ್ ಬಟ್ಟೆಯದು. ಗಾಜಿನ ಹಿಂದೆ ಬೊಂಬೆಗಳು ಒಳ್ಳೊಳ್ಳೆಯ ಕೋಟು ತೊಟ್ಟು, ಯಾರ ಹಂಗೂ ಇಲ್ಲದವರಂತೆ ನಿಂತಿದ್ದವು.

ಟೈಲರ್: ಆ ರೆಡಿಮೇಡ್‌ಗಾ? ನನ್ನ ಅನ್ನ ಕಿತ್ಕೊಂಡವರ ಹತ್ತಿರಾನಾ?

ಹೆಂಡತಿ: ಯಾರೂ ಕಿತ್ಕೊಳ್ಳಲಿಲ್ಲ. ಗಿರಾಕಿಗಳೇ ಎದ್ದು ಹೋಗಿದ್ದು. ಅಲ್ಲಿ ಎರಡು ತೋಳೂ ಒಟ್ಟಿಗೇ ಕೊಡ್ತಾರಂತೆ.

ಟೈಲರ್: ಅಲ್ಲಿಗೆ ಹೋಗು ಅಂತ ಇವನಿಗೆ ಹೇಳಿದ್ದು ಯಾರು?

ಹೆಂಡತಿ: ನಾನೇ. ಪೂರ್ತಿ ಜವಾಬ್ದಾರಿ ನನ್ನದೇ. ಉಸಿರೆಳ್ಕೊಳ್ಳೋಕೆ ಮಾತ್ರ ಪುರುಸೊತ್ತಿಲ್ಲ.

ಟೈಲರ್: ನಾನು ಹೊಲಿದ ಕೋಟು ಹಾಕ್ಕೊಂಡು ಅವರ ಅಂಗಡೀಲಿ ಕೈಕಟ್ಟಿ ನಿಲ್ಲೋದಾ? ಬಿಚ್ಚಯ್ಯ ಕೋಟು!

ತಮ್ಮ: ಭಾವ, 'ಎದುರಿನವನ್ನ ನೋಡಬೇಡ, ನಿನ್ನ ದಾರಿ ನೋಡ್ಕೋ' ಅಂತ ಗುರುಗಳು ಹೇಳಿದ್ದಾರೆ ಅಂತ ನೀವೇ...

ಟೈಲರ್: ಗುರುಗಳ ಮನೆ ಎದುರಿಗೆ ರೆಡಿಮೇಡ್ ಅಂಗಡಿ ಇಲ್ಲ ಕಣಯ್ಯ!

ಕೋಟು ಬಿಚ್ಚಿದ್ದೇನೋ ಹೌದು. ಆದರೆ ಅದು ಟೈಲರನ ಕೈಗೆ ಹೋಗಲಿಲ್ಲ. ಅವಳು ಅದನ್ನು ಅರ್ಧ ದಾರಿಯಲ್ಲೇ ಕಿತ್ತುಕೊಂಡಳು. ಕತ್ತರಿಸಿಟ್ಟ ಎಡತೋಳಿನ ಬಟ್ಟೆಯನ್ನು ಮೇಜಿನ ಕೆಳಗಿನಿಂದ ಹುಡುಕಿ ತೆಗೆದು, ಮಷೀನಿನ ಮುಂದೆ ಕೂತಳು.

ಟೈಲರ್: ಅದು ನನ್ನ ಜಾಗ. ಏಳು. ಕೋಟಿನ ತೋಳು ಕೂರಿಸೋದು ಅಂದ್ರೆ ಏನು ಅಂತ ತಿಳ್ಕೊಂಡಿದ್ದೀಯ? ಏಕಾಗ್ರತೆ ಬೇಕು, ಏಕಾಗ್ರತೆ!

ಅವಳು ತೋಳನ್ನು ಭುಜಕ್ಕೆ ಸಿಕ್ಕಿಸುತ್ತಿದ್ದಳು. ಬಾಯಿ ತುಂಬ ಗುಂಡುಸೂಜಿಗಳಿದ್ದವು.

ಟೈಲರ್: ಏಕಾಗ್ರತೆ ಅಂದ್ರೇನು? ಮನಸ್ಸು ಒಂದು ಕಡೆ, ಕೈ ಒಂದು ಕಡೆ... ಅಲ್ಲ, ಎರಡೂ ಒಂದೇ ಕಡೆ. ಸುತ್ತಮುತ್ತ ಏನೇ ಗಲಾಟೆ ಆಗ್ತಿರಲಿ, ಯಾರೇ ಕೂಗಾಡ್ತಿರಲಿ, ಕೆಲಸ ಮಾಡೋನು ತಲೆ ಎತ್ತಬಾರದು...

ಅವನು ಕೂಗಾಡುತ್ತಲೇ ಇದ್ದ. ಅವಳು ತಲೆ ಎತ್ತಲಿಲ್ಲ. ಅವನಿಗೆ ಬೆನ್ನು ನೋವು ಬಂದಾಗ, ನಿದ್ದೆ ಬಂದಾಗ, ಗಿರಾಕಿಯ ಜೊತೆ ಮಾತಿಗೆ ಕೂತಾಗ ಈ ಮಷೀನು ಅವಳ ಕಾಲಿನಲ್ಲೇ ಓಡುತ್ತಿತ್ತು. ಭುಜದ ತಿರುವಿನಲ್ಲಿ ಬಟ್ಟೆ ಎಲ್ಲಿ ಮುನಿಸಿಕೊಳ್ಳುತ್ತದೆ, ಎಲ್ಲಿ ಸ್ವಲ್ಪ ಸಡಿಲ ಬಿಟ್ಟರೆ ಒಲಿಯುತ್ತದೆ ಎಂದು ಅವಳ ಬೆರಳಿಗೆ ಗೊತ್ತಿತ್ತು. ಟೈಲರ್ ಏಕಾಗ್ರತೆಯ ಕೊನೆಯ ಗುಣಕ್ಕೆ ಬರುವ ಹೊತ್ತಿಗೆ ಅವಳು ದಾರ ಕಡಿದು, ತೋಳಿಗೆ ಇಸ್ತ್ರಿ ಎಳೆದು, ಕೋಟನ್ನು ತಮ್ಮನ ಮೈಮೇಲೆ ಹಾಕಿಯಾಗಿತ್ತು.

ಹೆಂಡತಿ: ಓಡು. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು. ಅಲ್ಲಿರೋ ಕನ್ನಡಿ ಹತ್ತಿರ ಮಾತಾಡ್ಬೇಡ.

ಅವನು ರಸ್ತೆ ದಾಟಿದ. ಟೈಲರ್ ಬೆನ್ನು ತಿರುಗಿಸಿ ಕೂತು, ತನಗೂ ಆ ರಸ್ತೆಗೂ ಸಂಬಂಧವಿಲ್ಲವೆಂಬಂತೆ ಕನ್ನಡಿಯಲ್ಲಿ ಅದನ್ನೇ ನೋಡುತ್ತಿದ್ದ. ಅವಳು ಕೆಳಗೆ ಬಿದ್ದ ದಾರದ ತುಂಡುಗಳನ್ನು ಆರಿಸಿದಳು. ಆರಿಸಿ ಮುಗಿದ ಮೇಲೂ ನೆಲವನ್ನೇ ಹುಡುಕುತ್ತಿದ್ದಳು.

ಕೊನೆಗೆ ತಮ್ಮ ಬಂದ. ಮುಖದಲ್ಲಿ ನಗುವಿರಲಿಲ್ಲ.

ತಮ್ಮ: ಭಾವ, ಯಜಮಾನರು ನನ್ನ ಎಡತೋಳು ಹಿಡ್ಕೊಂಡು ಕಿಟಕಿ ಹತ್ತಿರ ಕರ್ಕೊಂಡು ಹೋದ್ರು. ಒಳಗೆ ತಿರುಗಿಸಿ ನೋಡಿದ್ರು. ಆಮೇಲೆ, 'ಇದನ್ನ ಹೊಲಿದವರು ಯಾರು?' ಅಂದ್ರು.

ಟೈಲರ್: ನಾನಲ್ಲ! ನನಗೂ ಅದಕ್ಕೂ ಸಂಬಂಧವೇ ಇಲ್ಲ. ಬೇಡ ಬೇಡ ಅಂತ ಬಡ್ಕೊಂಡೆ, ನೀನೇ ನೋಡಿದ್ದೀಯ. ಆ ತೋಳಿನ ಒಂದೊಂದು ಹೊಲಿಗೆಯೂ ನಿಮ್ಮಕ್ಕನದು. ಹೋಗಿ ಹಾಗಂತಲೇ ಹೇಳು!

ತಮ್ಮ: ಹಾಗಂತಲೇ ಹೇಳಿಬಂದೆ. ನಾಳೆಯಿಂದ ಬರ್ಬೇಕಂತೆ.

ಟೈಲರ್: ನೀನಾ?

ತಮ್ಮ: ನಾನೂ ಬರ್ಬೇಕು. ಬಾಗಿಲಲ್ಲಿ ನಿಂತು ಗಿರಾಕೀನ ಒಳಗೆ ಕರೆಯೋ ಕೆಲಸ, ಕೋಟು ಹಾಕ್ಕೊಂಡೇ ಬರ್ಬೇಕಂತೆ. ಆದ್ರೆ ಅವರು ಮೊದಲು ಕೇಳಿದ್ದು ಅಕ್ಕನ್ನ. ಉದ್ದ ಗಿಡ್ಡ ಸರಿ ಮಾಡಿಕೊಡೋಕೆ ಅವರಿಗೆ ಒಳ್ಳೆ ಕೈ ಸಿಗ್ತಾ ಇರಲಿಲ್ಲವಂತೆ.

ಈಗ ಮೊದಲ ಸಲ ಅವನು ನಕ್ಕ. ಅವಳಿಗೆ ಹೆದರಿಕೆಯಾಗಲಿಲ್ಲ.

ಟೈಲರ್: ತಡಿ ತಡಿ. ಹೇಳಿಕೊಟ್ಟಿದ್ದು ನಾನಲ್ವಾ? ಪಕ್ಕದಲ್ಲಿ ನಿಂತು ಹೇಳ್ತಾನೇ ಇದ್ನಲ್ಲ! ಬಲತೋಳಿನ ಬಗ್ಗೆ ಏನೂ ಅನ್ನಲಿಲ್ವಾ?

ತಮ್ಮ: ಅಂದ್ರು ಭಾವ. ಹೊಲಿಯುವಾಗ ಯಾರದೋ ಭಾಷಣ ಕೇಳ್ತಿದ್ರಾ ಅಂದ್ರು.

ಟೈಲರ್ ಮೇಜಿಗೆ ಒರಗಿ, ಹೆಂಡತಿಯ ಕಡೆ ನೋಡಿದ. ಅವಳು ಆಗಲೇ ತನ್ನ ಸಣ್ಣ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿಡುತ್ತಿದ್ದಳು.

ಟೈಲರ್: ಅಲ್ವೇ, ಇಷ್ಟು ವರ್ಷ ಎಲ್ಲಿ ಕೆಲಸ ಮಾಡ್ತಿದ್ದೆ ಅಂತ ಅವರು ಕೇಳಿದ್ರೆ ಏನು ಹೇಳ್ತೀಯ?

ಹೆಂಡತಿ: 'ಎಲ್ಲೂ ಇಲ್ಲ, ಸುಮ್ನೆ ಮನೇಲಿದ್ದೆ' ಅಂತೀನಿ. ಬರೋ ಗಿರಾಕಿಗಳಿಗೆಲ್ಲ ನೀವು ಹೇಳೋದೂ ಅದೇ ಅಲ್ವಾ?